ಟೇಪಮ್ಮನ ಸೇಡು, ಸಾಹೇಬರ ಸೊಂಟ

ಗಿರಾಕಿ ಬಂದರೆಂದು ಟೇಪಮ್ಮ ಗೌರವದಿಂದ ಎದ್ದು ನಿಂತರು. ಅವರ ಜೊತೆಗೆ ಗಿರಾಕಿಯ ಪರದೆಯೂ ಎದ್ದು ನಿಂತಿತು.

ಪರದೆಗಳಿಗೆ ಸಾಮಾನ್ಯವಾಗಿ ಇಷ್ಟು ವಿನಯ ಇರುವುದಿಲ್ಲ. ಆಗಿದ್ದಿಷ್ಟೆ: ಹೆಡ್‌ಮಿಸ್ ಮನೆಯ ಕಿಟಕಿಗೆಂದು ಹೊಲಿಯುತ್ತಿದ್ದ ನೀಲಿ ಪರದೆಯ ಅಂಚಿಗೆ ಟೇಪಮ್ಮ ತಾವು ತೊಟ್ಟ ಅಂಗಿಯ ಅಗಲ ತೋಳನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು. ಹೊಲಿಗೆಯೇನೋ ಎಂದಿನಂತೆ ನೇರ, ಎಂದಿನಂತೆ ಗಟ್ಟಿ. ಎಳೆದರೆ ತೋಳು ಹರಿಯಬಹುದಿತ್ತೇ ಹೊರತು ಹೊಲಿಗೆ ಜಗ್ಗುವಂತಿರಲಿಲ್ಲ.

“ಇದೇನಮ್ಮಾ ಟೇಪಮ್ಮ? ಪರದೆ ತಗೊಂಡು ಹೋಗೋಣ ಅಂತ ಬಂದ್ರೆ ನೀವೂ ಜೊತೇಲೇ ಹೊರಟ್ರಾ? ಕಂಬಿಗೆ ನಿಮ್ಮನ್ನೂ ನೇತು ಹಾಕ್ಬೇಕಾ?” ಎಂದರು ಹೆಡ್‌ಮಿಸ್.

“ತೋಳು ಸಿಕ್ಕಿಹಾಕಿಕೊಳ್ತು ಮೇಡಂ.”

“ಕಣ್ಣು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು?”

ಹೆಣ್ಣುಮಕ್ಕಳ ಶಾಲೆಯನ್ನು ಇಷ್ಟು ವರ್ಷ ನಡೆಸಿದ ಹೆಂಗಸಿಗೆ ಯಾರ ಕಣ್ಣು ಎಲ್ಲಿದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಅದೂ ಅಲ್ಲದೆ ಹೆಡ್‌ಮಿಸ್ ಶಾಲೆ ಬಿಟ್ಟಮೇಲೆ ಓದುತ್ತಿದ್ದುದು ಕೊಲೆಯ ಕಾದಂಬರಿಗಳನ್ನೇ. ಮೊದಲ ಪುಟದಲ್ಲಿ ಹೆಣ, ಕಡೆಯ ಪುಟದಲ್ಲಿ ಸಿಕ್ಕಿಬಿದ್ದ ಗಂಡ. ಟೇಪಮ್ಮನ ಕಣ್ಣು ಹೋದ ದಾರಿಯಲ್ಲೇ ಅವರ ಕಣ್ಣೂ ಕಿಟಕಿಯಾಚೆ ಹೋಯಿತು. ಎದುರು ಬದಿಯಲ್ಲಿ ಟೇಪಮ್ಮನ ಯಜಮಾನರು ಕಂಕುಳಲ್ಲಿ ಒಂದು ಬಟ್ಟೆಯ ಗಂಟನ್ನು ಅವುಚಿಕೊಂಡು, ಪೋಸ್ಟಾಫೀಸಿನ ಹಿಂದಿನ ಓಣಿಗೆ ತಿರುಗುತ್ತಿದ್ದರು.

“ಪಾರ್ಕಿಗೆ ವಾಕಿಂಗು ಅಂತ ಹೇಳಿ ಹೋದ್ರು,” ಎಂದರು ಟೇಪಮ್ಮ, ಸಣ್ಣ ಕತ್ತರಿಯಿಂದ ತಮ್ಮನ್ನು ಪರದೆಯಿಂದ ಬಿಡಿಸಿಕೊಳ್ಳುತ್ತಾ. “ಆ ಓಣೀಲಿ ಪಾರ್ಕೂ ಇಲ್ಲ, ಪಾರ್ಕಿನ ಬೆಂಚೂ ಇಲ್ಲ. ಒಂದು ಸೈಕಲ್ ಅಂಗಡಿ ಇದೆ. ಅದರ ಪಕ್ಕ ಅವಳಿದ್ದಾಳೆ.”

“ಅವಳು!” ಎಂದು ಹೆಡ್‌ಮಿಸ್ ಕುರ್ಚಿ ಎಳೆದುಕೊಂಡು ಕೂತರು. “ಬಿಡಿಸಿ ಹೇಳಿ.”

ದರ್ಜಿಯ ಮನೆಯಲ್ಲಿ ಬಿಡಿಸುವುದಕ್ಕೆ ಬರವಿಲ್ಲ. ಆದರೆ ಟೇಪಮ್ಮ ಬಿಡಿಸಿ ಹೇಳುವ ಮೊದಲು ಅವರ ಸಂಸಾರದ ಅಳತೆಯನ್ನು ಸ್ವಲ್ಪ ತೆಗೆದುಕೊಳ್ಳಬೇಕು.

ಅಳತೆಯ ಟೇಪು ಅವರ ಕೊರಳಿನಿಂದ ಇಳಿಯುತ್ತಿದ್ದುದು ಸ್ನಾನಕ್ಕೆ ಮಾತ್ರ. ಹಾಗಾಗಿ ಬೀದಿಗೆಲ್ಲ ಅವರು ಟೇಪಮ್ಮ. ಹೊಲಿಗೆ ಕಲಿತದ್ದು ಚಿಕ್ಕಮ್ಮನ ಬಳಿ, ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಾ. ಆಮೇಲೆ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಕಿಟಕಿಯ ಪಕ್ಕ ಮೆಷಿನ್ನು, ಗೋಡೆಗೆ ಉದ್ದ ಕನ್ನಡಿ, ಮೂಲೆಯಲ್ಲಿ ಇಸ್ತ್ರಿಯ ಮೇಜು. ಬೀದಿಯ ಸೊಂಟಗಳೆಲ್ಲ ಆ ಕನ್ನಡಿಯ ಮುಂದೆ ಹಾದುಹೋಗಿವೆ. ಒಂದರ ಸುದ್ದಿಯೂ ಹೊರಗೆ ಹೋಗಿಲ್ಲ. ಗಿರಾಕಿಯ ಅಳತೆ ಗಿರಾಕಿಗೂ ದರ್ಜಿಗೂ ಗೊತ್ತಿರಬೇಕು, ಗೋಡೆಗೂ ಕೇಳಬಾರದು ಎಂಬುದು ಟೇಪಮ್ಮನ ಧರ್ಮ. ಅಳತೆಯನ್ನು ಅವರು ಬಾಯಲ್ಲಿ ಓದುವುದಿಲ್ಲ, ಮನಸ್ಸಿನಲ್ಲೇ ಓದಿ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಮಾತು ಮುಚ್ಚಿ ಮಾನ ಮುಚ್ಚುವ ಕೆಲಸ.

ಯಜಮಾನರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಗಜಕಡ್ಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಅಂಗಡಿಯವರು ಅವರನ್ನು ತೂಕದ ಸಾಹೇಬರು ಎನ್ನುತ್ತಾರೆ, ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಬೇರೆ ಅರ್ಥದಿಂದ. ಕೆಲಸ ಸಿಕ್ಕ ಹೊಸತರಲ್ಲಿ ಸೂಟು ಹೊಲಿಸಲು ಟೇಪಮ್ಮನ ಬಳಿ ಬಂದವರು, ಅಳತೆ ತೆಗೆಯುವಾಗ, “ನಿಮ್ಮ ಟೇಪು ಜಗ್ಗಿದ ಹಾಗಿದೆ,” ಎಂದಿದ್ದರು. “ನಿಮ್ಮ ಕಣ್ಣು ಜಗ್ಗಿರಬೇಕು,” ಎಂದಿದ್ದರು ಟೇಪಮ್ಮ. ಸಾಹೇಬರು ಮರುದಿನ ಇಲಾಖೆಯ ಹಿತ್ತಾಳೆ ಕಡ್ಡಿ ತಂದು ಅಳೆದು ನೋಡಿದರು. ಟೇಪು ಸರಿಯಿತ್ತು. ಸೋತವರು ಮದುವೆಯಾದರು.

ಅದೇ ಸೂಟಿನಲ್ಲಿ ಮದುವೆ. ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ: ಪ್ರತಿ ವರ್ಷ ಮದುವೆಯ ದಿನ ಸಾಹೇಬರು ಆ ಸೂಟು ತೊಟ್ಟು ಕನ್ನಡಿಯ ಮುಂದೆ ನಿಲ್ಲಬೇಕು, ಟೇಪಮ್ಮ ಸೊಂಟ ಅಳೆಯಬೇಕು, ಅಳೆದು, “ಅದೇ!” ಎನ್ನಬೇಕು. ಸಾಹೇಬರು ಬೀಗಬೇಕು. ಆಮೇಲೆ ಊಟ.

ಆ ‘ಅದೇ’ ನಿಜವಾಗಿದ್ದುದು ಮೊದಲ ಕೆಲವು ವರ್ಷ. ಆಮೇಲೆ ನಡುವಯಸ್ಸು ಬಂತು. ಅಂದರೆ ವಯಸ್ಸು ಬಂದು ನಡುವಿಗೆ ಸೇರಿಕೊಂಡಿತು. ಒಳ್ಳೆಯ ದರ್ಜಿ ಪ್ಯಾಂಟಿನ ಹಿಂಬದಿಯ ಹೊಲಿಗೆಯೊಳಗೆ ಒಂದಷ್ಟು ಬಟ್ಟೆಯನ್ನು ಮಡಿಸಿ ಬಿಟ್ಟಿರುತ್ತಾಳೆ, ಮುಂದೆ ಬೇಕಾಗಬಹುದೆಂದು. ಟೇಪಮ್ಮ ಆ ಬಟ್ಟೆಯನ್ನು ಗಂಡನಿಗೆ ತಿಳಿಯದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬಂದರು, ಸೂಟಿನಲ್ಲೂ, ಉಳಿದ ಪ್ಯಾಂಟುಗಳಲ್ಲೂ. ‘ಅದೇ’ ಎಂದಾಗ ಆ ಮುಖ ಅರಳುವುದನ್ನು ನೋಡಲು ಅವರಿಗೆ ಆಸೆ. ಸಾಹೇಬರಿಗೋ ತಮ್ಮ ಸೊಂಟ ಸರ್ಕಾರಿ ಕಡ್ಡಿಯಷ್ಟೇ ಸ್ಥಿರವೆಂದು ಖಾತ್ರಿ. ಆಫೀಸಿನಲ್ಲಿ ಕಿರಿಯರಿಗೆ ಹೊಟ್ಟೆಯ ಮೇಲೆ ಉಪನ್ಯಾಸ ಬೇರೆ ಕೊಡುತ್ತಿದ್ದರು.

ಇನ್ನು ‘ಅವಳು’. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೂಜಿ ಎಂದು; ತೆಳ್ಳಗಿದ್ದಳು, ಚುಚ್ಚುತ್ತಿದ್ದಳು. ಟೇಪಮ್ಮನ ಕೈಯಲ್ಲಿ ಕೆಲಸ ಕಲಿತವಳು. ಎಡಗೈಯವಳಾದ್ದರಿಂದ ಅವಳು ಹಾಕಿದ ಕೈಹೊಲಿಗೆ ಉಳಿದವರಿಗಿಂತ ಆಚೆ ಕಡೆಗೆ ವಾಲುತ್ತಿತ್ತು. ಒಂದು ದಿನ, “ಅಕ್ಕಾ, ನಿಮ್ಮ ಕಾಲರು ನಮ್ಮ ತಾತನ ಕಾಲದ್ದು,” ಎಂದು ಬಾಯಿ ಹಾಕಿದಳು. ಕಾಲರಿಗೆ ಕೈಹಾಕಿದರೆ ಯಾರು ಸುಮ್ಮನಿರುತ್ತಾರೆ? ಜಗಳವಾಯಿತು. ಸೂಜಿ ಹೊರಟುಹೋಗಿ ಪೋಸ್ಟಾಫೀಸಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಳು. ಮಾತು ನಿಂತಿತು.

ಈಗ ಬಂದ ಸಂಕಟ ಇಷ್ಟು. ಹಿಂದಿನ ವಾರ ಗಂಡನ ಬೂದು ಪ್ಯಾಂಟಿಗೆ ಇಸ್ತ್ರಿ ಹಾಕುವಾಗ ಟೇಪಮ್ಮನ ಕೈ ತಟ್ಟನೆ ನಿಂತಿತ್ತು. ಸೊಂಟಪಟ್ಟಿಯ ಹಿಂಬದಿಯ ಹೊಲಿಗೆಯನ್ನು ಯಾರೋ ಬಿಚ್ಚಿ ಬಟ್ಟೆ ಬಿಟ್ಟು ಮತ್ತೆ ಹೊಲಿದಿದ್ದರು. ಹೊಲಿಗೆ ಆಚೆ ಕಡೆಗೆ ವಾಲಿತ್ತು.

“ಸರಿ, ಪ್ಯಾಂಟು ಬಿಗಿಯಾಗಿರ್ಬೇಕು, ಬಿಡಿಸಿದಾರೆ,” ಎಂದರು ಹೆಡ್‌ಮಿಸ್, ಸ್ವಲ್ಪ ನಿರಾಶೆಯಿಂದಲೇ.

“ಅದೇ ಆಗಲ್ಲ ಮೇಡಂ! ಅವರ ಸೊಂಟ ಬದಲಾಗೇ ಇಲ್ಲ ಅಂತ ವರ್ಷವರ್ಷ ನಾನೇ ಹೇಳಿ ನಂಬ್ಸಿದೀನಿ. ದಪ್ಪ ಆಗಿಲ್ಲ ಅಂತ ನಂಬಿರೋ ಗಂಡಸು ಪ್ಯಾಂಟು ಬಿಡಿಸೋಕೆ ಯಾಕೆ ಹೋಗ್ತಾರೆ? ಮನೇಲಿ ದರ್ಜಿ ಹೆಂಡತಿ ಇಟ್ಕೊಂಡು?”

“ಹಾಗಾದ್ರೆ ಪ್ಯಾಂಟು ನೆಪ!”

“ಅದೂ ಅಲ್ದೆ ಮೇಡಂ, ಪ್ಯಾಂಟಿನ ಹೊಲಿಗೆ ಬಿಚ್ಬೇಕಾದ್ರೆ ಮೊದ್ಲು ಪ್ಯಾಂಟು ಬಿಚ್ಬೇಕಲ್ಲ?” ಎಂದು ಟೇಪಮ್ಮ ಮೂಗು ಒರೆಸಿಕೊಂಡರು, ಪರದೆಗೇ.

ಪಾಪ, ತಾವು ಪ್ರೀತಿಯಿಂದ ಹೇಳಿದ ಸುಳ್ಳೇ ತಮ್ಮ ಕಣ್ಣಿಗೆ ಪಟ್ಟಿ ಕಟ್ಟಿದೆ ಎಂಬುದು ಅವರಿಗೆ ಹೊಳೆಯಲಿಲ್ಲ. ನಿಜ ಬಹಳ ಸಪ್ಪೆಯಾಗಿತ್ತು, ಸಪ್ಪೆಯಲ್ಲ, ಸಿಹಿಯಾಗಿತ್ತು. ಸಾಹೇಬರನ್ನು ಆ ವರ್ಷ ಕಬ್ಬಿಣದಂಗಡಿಗಳ ವಲಯದಿಂದ ಬೇಕರಿಗಳ ವಲಯಕ್ಕೆ ಹಾಕಿದ್ದರು. ಕಬ್ಬಿಣವನ್ನು ರುಚಿ ನೋಡಿ ಎಂದು ಯಾರೂ ಹೇಳುವುದಿಲ್ಲ. ಕ್ರೀಮ್ ಬನ್ನಿನ ವಿಷಯ ಹಾಗಲ್ಲ. ಪುಕ್ಕಟೆ ತಿನ್ನುವವರಲ್ಲ ಸಾಹೇಬರು, ಕೊಂಡೇ ತಿನ್ನುತ್ತಿದ್ದರು. ತೂಕ ಸರಿಯಿದೆಯೇ ಎಂದು ನೋಡಿ ತಿನ್ನುತ್ತಿದ್ದರು. ಬನ್ನಿನ ತೂಕ ಸರಿಯಾಗಿಯೇ ಇತ್ತು, ಅಷ್ಟೂ ತೂಕ ಒಂದು ಗ್ರಾಮೂ ಸೋರದೆ ಸೊಂಟಕ್ಕೆ ಬಂತು. ಟೇಪಮ್ಮ ಬಟ್ಟೆ ಬಿಡುವ ವೇಗವನ್ನು ಬನ್ನಿನ ವೇಗ ಮೀರಿಸಿತು. ಪ್ಯಾಂಟು ಬಿಗಿಯಾದಾಗ ಸಾಹೇಬರಿಗೆ ನೆನಪಾದದ್ದು ಮದುವೆಯ ದಿನ, ಹೆಂಡತಿ ‘ಅದೇ’ ಎನ್ನುವಾಗಿನ ಮುಖ. ಅವಳ ಅಷ್ಟೊಂದು ಸಂತೋಷವನ್ನು ಕೆಡಿಸುವುದು ಹೇಗೆಂದು ಕದ್ದುಮುಚ್ಚಿ ಸೂಜಿಯ ಅಂಗಡಿ ಹೊಕ್ಕರು. ಸೊಂಟದ ಅಳತೆ ಕೊಟ್ಟರು, ಪ್ಯಾಂಟನ್ನು ಗಂಟುಕಟ್ಟಿ ತಂದುಕೊಟ್ಟರು. ಅಷ್ಟೇ ನಡೆದದ್ದು.

ಮರುದಿನ ಟೇಪಮ್ಮ ಸೂಜಿಯ ಅಂಗಡಿಯ ಮೆಟ್ಟಿಲು ಹತ್ತಿದರು.

“ಅಕ್ಕಾ! ನೀವಾ! ಬನ್ನಿ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಬಿಳೀ ದಾರ ಮುಗ್ದಿತ್ತು.” ಕಣ್ಣು ಮೊಳೆಗೆ ನೇತು ಹಾಕಿದ್ದ ಕಂದು ಪ್ಯಾಂಟಿನ ಮೇಲೆ. “ಅದು ಯಾರ್ದು?”

“ಗಿರಾಕೀದು.”

“ಹೌದಾ. ನಾನೆಲ್ಲೋ ಕುದುರೇದು ಅಂದ್ಕೊಂಡೆ. ಯಾವ ಗಿರಾಕೀದು?”

ಸೂಜಿ ಸೂಜಿಗೆ ದಾರ ಪೋಣಿಸುತ್ತಾ ಕಣ್ಣು ಕಿರಿದು ಮಾಡಿದಳು. “ಗಿರಾಕಿ ವಿಷ್ಯ ಹೊರಗೆ ಹೇಳ್ಬಾರ್ದು ಅಂತ ನೀವೇ ಕಲ್ಸಿದ್ದಲ್ವಾ ಅಕ್ಕಾ? ಒಂದ್ಸಲ ಯಾರದೋ ಸೊಂಟ ಜೋರಾಗಿ ಓದ್ಬಿಟ್ಟೆ ಅಂತ ಸ್ಕೇಲಲ್ಲಿ ಕೈಮೇಲೆ ಕೊಟ್ಟಿದ್ರಿ. ಇನ್ನೂ ಚುರುಗುಟ್ತಿದೆ.”

“ಬೇರೆಯೋರ ವಿಷ್ಯ ಬೇರೆ. ನಾನು...”

“ನೀವು ಯಾರು ಅಂತ ನಾನು ಕೇಳ್ಲಿಲ್ಲ, ಅವರು ಯಾರು ಅಂತ ನೀವು ಕೇಳ್ಬೇಡಿ. ದಾರ ತಗೊಳ್ಳಿ. ಕಾಲರಿಗೇ ತಾನೇ?”

ತಾನು ಹೇಳಿಕೊಟ್ಟ ಪಾಠ ತನಗೇ ಬಂದು ಚುಚ್ಚಿದರೆ ಕೂಗಿಕೊಳ್ಳುವ ಹಾಗೂ ಇಲ್ಲ. ಟೇಪಮ್ಮ ಬಿಳಿ ದಾರ ಹಿಡಿದು ಕಪ್ಪು ಮುಖ ಹೊತ್ತು ಮನೆಗೆ ಬಂದರು. ಏನೂ ಇಲ್ಲದಿದ್ದರೆ ಇಷ್ಟು ಬಾಯಿ ಯಾಕೆ ಬಿಗಿಯುತ್ತಾಳೆ ಎಂದು ಹೆಡ್‌ಮಿಸ್ ಬೆಂಕಿಗೆ ತುಪ್ಪ ಸುರಿದರು. ಅವರ ಹತ್ತಿರ ಉಪಾಯಗಳೂ ಇದ್ದವು.

“ನಾನೀಗ ಓದ್ತಿರೋ ಪುಸ್ತಕದಲ್ಲಿ ಹೆಂಡತಿ ಕಾಫಿಗೆ ಒಂದು ಪುಡಿ ಹಾಕ್ತಾಳೆ...”

“ಬೇಡ ಮೇಡಂ. ಸಕ್ಕರೆ ಒಂದು ಹರಳು ಹೆಚ್ಚಾದ್ರೂ ಅವರಿಗೆ ಗೊತ್ತಾಗುತ್ತೆ. ತೂಕದೋರು.”

“ಹಾಗಾದ್ರೆ ಮೆಟ್ಟಿಲ ಮೇಲೆ ಎಣ್ಣೆ...”

“ಒರೆಸೋಳು ನಾನೇ ಅಲ್ವಾ?”

ಟೇಪಮ್ಮನ ಸೇಡಿಗೆ ಬೇರೆಯವರ ಆಯುಧ ಬೇಕಿರಲಿಲ್ಲ. ಬೆಳಗ್ಗೆ ಸಾಹೇಬರು ಸ್ನಾನಕ್ಕೆ ಹೋದಾಗ ಅವರು ಇಸ್ತ್ರಿಗೆಂದು ತೆಗೆದ ಬಟ್ಟೆಯನ್ನು ಮೆಷಿನ್ನಿಗೆ ಕೊಡತೊಡಗಿದರು. ಪ್ಯಾಂಟಿನ ಸೊಂಟವನ್ನು ಒಂದು ಎಳೆಯಷ್ಟು ಒಳಗೆ ಹಿಡಿದರು. ಮುಂದಿನ ಸಲ ಇನ್ನೊಂದು ಎಳೆ. ಅಂಗಿಯ ಎದೆ, ಕೊರಳು, ಕಡೆಗೆ ಪೈಜಾಮದ ಲಾಡಿ ಕೂಡ. ಕತ್ತು ಹಿಸುಕುವುದಕ್ಕೆ ಕೈಯೇ ಬೇಕೆಂದಿಲ್ಲ, ಕಾಲರೂ ಸಾಕು. ಎಳೆ ಎಳೆಯಾಗಿ ಸೇಡು ತೀರಿಸಿಕೊಳ್ಳುವುದೆಂದರೆ ಇದೇ ಇರಬೇಕು.

ಸಾಹೇಬರು ಕಂಗಾಲಾದರು. ಬಿಡಿಸಿ ತಂದ ಪ್ಯಾಂಟು ವಾರದೊಳಗೆ ಮತ್ತೆ ಬಿಗಿ. ಗುಂಡಿ ಹಾಕುವಾಗ ಗುಂಡಿಗೆ ಬಾಯಿಗೆ ಬರುತ್ತಿತ್ತು. ಮತ್ತೆ ಸೂಜಿಯ ಅಂಗಡಿಗೆ ಓಡಿದರು. ಸೂಜಿ ಪ್ಯಾಂಟನ್ನು ಮಗುಚಿ ನೋಡಿದಳು, ಅದನ್ನು ಒಳಗೆ ಹಿಡಿದ ಕೈ ಯಾರದೆಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ತುಟಿ ಕಚ್ಚಿ ನಗು ತಡೆದು, ಮತ್ತೆ ಬಿಟ್ಟುಕೊಟ್ಟಳು. ಗಿರಾಕಿಯ ವಿಷಯ ಹೊರಗೆ ಹೇಳಬಾರದು. ಅಕ್ಕನೂ ಒಂದು ಲೆಕ್ಕದಲ್ಲಿ ಅದೇ ಪ್ಯಾಂಟಿನ ದರ್ಜಿ. ಹೀಗೆ ಒಂದು ಬಡಪಾಯಿ ಪ್ಯಾಂಟು ಇಬ್ಬರು ಹೆಂಗಸರ ನಡುವೆ ಉಸಿರು ಬಿಡುತ್ತಾ ಉಸಿರು ಹಿಡಿಯುತ್ತಾ ಇತ್ತು.

ಸಾಹೇಬರು ಬನ್ನು ಬಿಟ್ಟರು. ಆಮೇಲೆ ಬ್ರೆಡ್ಡು ಬಿಟ್ಟರು, ಸಕ್ಕರೆ ಬಿಟ್ಟರು, ಸಂಜೆಯ ಊಟವನ್ನು ಸೌತೆಕಾಯಿಗೆ ಇಳಿಸಿದರು. ಈಗ ನಿಜಕ್ಕೂ ಪಾರ್ಕಿಗೆ ಹೋಗಿ ಸುತ್ತು ಹಾಕತೊಡಗಿದರು. ಆಫೀಸಿನ ಪರೀಕ್ಷಾ ಕೋಣೆಯಲ್ಲಿ ಯಾರೂ ಇಲ್ಲದಾಗ ಇಲಾಖೆಯ ದೊಡ್ಡ ತಕ್ಕಡಿ ಹತ್ತಿ ನಿಂತು ನೋಡಿದರು. ತೂಕ ಇಳಿದಿತ್ತು! ಮನೆಗೆ ಬಂದು ಪ್ಯಾಂಟು ಹಾಕಿದರೆ ಇನ್ನಷ್ಟು ಬಿಗಿ. ಇನ್ನೊಬ್ಬ ಗಂಡಸಾಗಿದ್ದರೆ ತಕ್ಕಡಿಯನ್ನೋ ಪ್ಯಾಂಟನ್ನೋ ಅನುಮಾನಿಸುತ್ತಿದ್ದ. ಇವರಿಗೆ ಎರಡನ್ನೂ ಅನುಮಾನಿಸುವ ಹಾಗಿಲ್ಲ. ಆ ತಕ್ಕಡಿಗೆ ಮುದ್ರೆ ಒತ್ತಿದವರು ತಾವು, ಆ ಪ್ಯಾಂಟು ಹೊಲಿದವಳು ತಮ್ಮ ಹೆಂಡತಿ. ಎರಡೂ ಸುಳ್ಳು ಹೇಳುವುದಿಲ್ಲವಾದರೆ ಉಳಿದದ್ದು ಒಂದೇ. ತೂಕ ಇಳಿಯುತ್ತಾ ಸೊಂಟ ಬೆಳೆಯುತ್ತಿದೆ ಎಂದರೆ ಒಳಗೇನೋ ಕೆಟ್ಟದ್ದು ಬೆಳೆಯುತ್ತಿದೆ.

ಡಾಕ್ಟರ ಬಳಿ ಹೋಗಲು ಧೈರ್ಯ ಸಾಲಲಿಲ್ಲ. ಮಂಕಾಗಿ ಕೂರತೊಡಗಿದರು. ನಿಟ್ಟುಸಿರು ಬಿಟ್ಟರೆ ಅಂಗಿಯ ಗುಂಡಿ ಕಿತ್ತುಹೋಗುತ್ತದೆಂದು ಅರ್ಧರ್ಧ ನಿಟ್ಟುಸಿರು ಬಿಡುತ್ತಿದ್ದರು.

ಗಂಡನ ಕೆನ್ನೆ ಇಳಿದದ್ದು, ತಟ್ಟೆ ಹಾಗೇ ಉಳಿದದ್ದು ಟೇಪಮ್ಮನ ಕಣ್ಣಿಗೂ ಬಿತ್ತು.

“ಊಟ ಸೇರಲ್ಲ, ಕಿಟಕಿ ನೋಡ್ಕೊಂಡು ಕೂತಿರ್ತಾರೆ. ಕರೆದ್ರೆ ಬೆಚ್ಚಿ ಬೀಳ್ತಾರೆ,” ಎಂದರು ಹೆಡ್‌ಮಿಸ್ಸಿನ ಬಳಿ.

“ವಿರಹ,” ಎಂದು ಹೆಡ್‌ಮಿಸ್ ತೀರ್ಪು ಕೊಟ್ಟರು.

ಟೇಪಮ್ಮನಿಗೂ ಅನ್ನ ಸೇರದಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಬ್ಬರೂ ಉಣ್ಣದಿದ್ದರೆ ಅದು ಮುಗಿಯುವುದಾದರೂ ಹೇಗೆ? ಅವರಿಗೆ ಭಯ ಹತ್ತಿತು. ಅದು ಸೂಜಿಯ ಭಯವಲ್ಲ. ಒಂದು ದಿನ ಬೆಳಗ್ಗೆ ಈ ಮನುಷ್ಯ ಕೈಚೀಲ ಹಿಡಿದು, “ನಾನು ಹೋಗ್ತೀನಿ ಕಣೇ,” ಎಂದುಬಿಟ್ಟರೆ ಎಂಬ ಭಯ. ಹಾಗಾಗುವ ಮೊದಲೇ ಕಡೆಯ ಸೇಡೊಂದನ್ನು ತೀರಿಸಿಬಿಡಬೇಕೆಂದು ನಿರ್ಧರಿಸಿದರು. ಮದುವೆಯ ದಿನ ಹತ್ತಿರ ಬರುತ್ತಿತ್ತು.

“ಏನ್ಮಾಡ್ತೀರಿ?” ಎಂದು ಹೆಡ್‌ಮಿಸ್ ಉಸಿರು ಬಿಗಿಹಿಡಿದರು.

“ಈ ಸಲ ನಿಜವಾದ ಅಳತೆ ಓದ್ತೀನಿ. ಜೋರಾಗಿ. ಸಾಕ್ಷಿಗೆ ನೀವಿರಿ.”

ಹೆಡ್‌ಮಿಸ್ ಬೇರೆಲ್ಲ ಕೆಲಸ ಬಿಟ್ಟು ಅಂದು ಮಧ್ಯಾಹ್ನಕ್ಕೆ ಮೊದಲೇ ಬಂದು ಕೂತರು.

ಸಾಹೇಬರು ಬೀರುವಿನಿಂದ ಸೂಟು ತೆಗೆದು ಒಳಗಿನ ಕೋಣೆಯಲ್ಲಿ ಹಾಕಿಕೊಂಡು ಬಂದರು. ಮುಖ ಬಿಳಿಚಿತ್ತು. ಒಂದು ಕೈ ಸೊಂಟಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಟೇಪಮ್ಮ ಕೊರಳಿನಿಂದ ಟೇಪು ಇಳಿಸಿ ಗಂಡನ ನಡುವಿಗೆ ಸುತ್ತಿದರು. ಇಷ್ಟು ವರ್ಷ ನುಂಗಿದ ಅಳತೆಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಬಗ್ಗಿ ನೋಡಿದರು. ಕಣ್ಣುಜ್ಜಿ ಮತ್ತೆ ನೋಡಿದರು.

ಅದೇ.

ಮದುವೆಯ ದಿನದ್ದೇ ಅಳತೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸೌತೆಕಾಯಿ ತನ್ನ ಕೆಲಸ ಮಾಡಿತ್ತು. ಎಷ್ಟೋ ವರ್ಷದ ಸುಳ್ಳು, ನಿಜ ಹೇಳಬೇಕೆಂದ ದಿನವೇ ನಿಜವಾಗಿ ಕೂತಿತ್ತು. ಟೇಪಮ್ಮನ ಬಾಯಿಂದ ಮಾತೇ ಹೊರಡಲಿಲ್ಲ.

ಆ ಮೌನಕ್ಕೆ ಸಾಹೇಬರು ಬೇರೆಯೇ ಅರ್ಥ ಹಚ್ಚಿದರು. “ಗೊತ್ತಾಯ್ತು ಬಿಡು. ಬಾಯಿಬಿಟ್ಟು ಹೇಳ್ಬೇಡ,” ಎಂದರು. “ನಂಗೂ ಗೊತ್ತು ಕಣೇ. ಮೊದ್ಲು ಬನ್ನು ತಿಂದೆ, ಒಪ್ಕೋತೀನಿ. ದಪ್ಪ ಆದೆ. ನಿಂಗೆ ಬೇಜಾರಾಗುತ್ತೆ ಅಂತ ಆ ಸೂಜಿ ಹತ್ರ ಕದ್ದು ಬಿಡಿಸ್ಕೊಂಡೆ. ಆದ್ರೆ ಈಗ ತಿನ್ನೋದು ಬಿಟ್ರೂ ಊದ್ತಾನೇ ಇದೀನಿ. ತೂಕ ಇಳೀತಿದೆ, ಬಟ್ಟೆ ಬಿಗೀತಿದೆ. ಇವತ್ತು ನೋಡಿದ್ರೆ ಸೂಟು ಮಾತ್ರ ಜಾರಿ ಬೀಳ್ತಿದೆ. ಕಾಯ್ಲೆ ತಲೆಗೂ ಏರಿರ್ಬೇಕು. ಹಾಸ್ಟೆಲಲ್ಲಿರೋ ಮಗಳಿಗೆ ಈಗ್ಲೇ ಹೇಳ್ಬೇಡ, ಪಾಪ, ಪರೀಕ್ಷೆ ಇದೆ.”

ಹೆಡ್‌ಮಿಸ್ ಇಷ್ಟು ಹೊತ್ತೂ ಒಬ್ಬ ಪ್ರೇಯಸಿಯ ಹೆಸರಿಗಾಗಿ ಕಾದಿದ್ದರು. “ಬನ್ನಾ?” ಎಂದರು.

“ಕ್ರೀಮ್ ಬನ್ನು,” ಎಂದು ಸಾಹೇಬರು ತಲೆ ತಗ್ಗಿಸಿದರು.

ಟೇಪಮ್ಮ ಸುಮ್ಮನಿದ್ದುಬಿಡಬಹುದಿತ್ತು. ನಾಳೆಯಿಂದ ಬಟ್ಟೆಗಳನ್ನು ಸದ್ದಿಲ್ಲದೆ ಬಿಟ್ಟುಕೊಟ್ಟರೆ ಕಾಯಿಲೆ ತಾನೇ ವಾಸಿಯಾಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ನಿಂತ ಗಂಡಸು ಸಾವಿಗೆ ಹೆದರಿ ನಡುಗುತ್ತಿದ್ದರು, ಆ ನಡುಕ ಟೇಪಿನ ತುದಿಯವರೆಗೂ ಬರುತ್ತಿತ್ತು.

“ನಿಮಗೆ ಕಾಯ್ಲೆ ಇಲ್ಲ ರೀ. ನಾನೇ ಹಿಡಿದೆ.”

“ಏನನ್ನ?”

“ಪ್ಯಾಂಟನ್ನ. ಅಂಗೀನ. ನೀವು ಸ್ನಾನಕ್ಕೆ ಹೋದಾಗೆಲ್ಲ. ಅವಳ ಹೊಲಿಗೆ ನೋಡ್ದೆ, ಹೊಟ್ಟೆ ಉರೀತು, ಸೇಡಿಗೆ ಹಿಡಿದೆ.”

“ಮತ್ತೆ ಈ ಸೂಟು?”

“ಅದು ವರ್ಷವರ್ಷ ನಾನೇ ಬಿಡ್ತಾ ಬಂದಿದ್ದು. ನೀವೀಗ ಇಳ್ದಿದೀರಿ, ಅದಕ್ಕೆ ಜಾರ್ತಿದೆ.”

ಸಾಹೇಬರು ಬಹಳ ಹೊತ್ತು ಲೆಕ್ಕ ಹಾಕಿದರು. ಸಾವು ದೂರ ಹೋದದ್ದಕ್ಕೆ ನಗುತ್ತಾರೆಂದು ಟೇಪಮ್ಮ ಕಾದರು. ಸಾಹೇಬರ ಮುಖ ಮಾತ್ರ ಅಂಗಡಿಯ ತಕ್ಕಡಿಯ ಕೆಳಗೆ ಅಂಟಿಸಿದ ಕಲ್ಲು ಕಂಡಾಗ ಆಗುವ ಹಾಗೆ ಆಯಿತು.

“ವರ್ಷವರ್ಷ ಬಿಟ್ಟೆಯಾ? ಹಾಗಾದ್ರೆ ವರ್ಷವರ್ಷ ‘ಅದೇ’ ಅಂದಿದ್ದು?”

“ಸುಳ್ಳು.”

“ನನಗೆ? ತೂಕ-ಅಳತೆಯೋನಿಗೆ? ಮನೇಲೇ, ನನ್ನ ಸೊಂಟಕ್ಕೇ ತಪ್ಪು ಅಳತೆ ಕೊಟ್ಟೆಯಾ? ಊರೆಲ್ಲ ಹಿಡಿದು ದಂಡ ಹಾಕ್ತೀನಲ್ಲೇ ನಾನು! ಪ್ಯಾಂಟು ಹಿಡಿದಿದ್ದು ಬೇಕಾದ್ರೆ ಕ್ಷಮಿಸ್ತೀನಿ. ಇದನ್ನ ಹೇಗೆ ಕ್ಷಮಿಸ್ಲಿ?”

ಎಂದವರೇ ಬಾಗಿಲ ಕಡೆ ಹೊರಟರು. ಎರಡು ಹೆಜ್ಜೆ ಇಡುವುದರೊಳಗೆ ಸೂಟಿನ ಪ್ಯಾಂಟು ತಾನು ಬರುವುದಿಲ್ಲವೆಂದು ಕೆಳಗೆ ಹೊರಟಿತು. ಸಾಹೇಬರು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. ಹೆಡ್‌ಮಿಸ್ ಗೋಡೆಯ ಕಡೆ ತಿರುಗಿ ಕೂತರು. ಎದ್ದು ಮಾತ್ರ ಹೋಗಲಿಲ್ಲ.

ಕೋಪ ಮಾಡಿಕೊಂಡು ಮನೆ ಬಿಡುವ ಗಂಡಸಿಗೆ ಕಡೆಯ ಪಕ್ಷ ಸೊಂಟದ ಮೇಲೆ ನಿಲ್ಲುವ ಒಂದು ಪ್ಯಾಂಟಾದರೂ ಬೇಕು. ಸಾಹೇಬರಿಗೆ ಇದ್ದವೆಲ್ಲ ಒಂದೋ ಹೆಚ್ಚು ಇಲ್ಲವೇ ಕಡಿಮೆ. ಬೆಡ್‌ಶೀಟು ಸುತ್ತಿಕೊಂಡು ಕುರ್ಚಿಯಲ್ಲಿ ಕೂತು, “ಒಂದು ಪ್ಯಾಂಟು ಸರಿಮಾಡಿ ಕೊಡು, ನಾನು ಹೋ‌ಗ್ಬೇಕು,” ಎಂದು ಅಪ್ಪಣೆ ಮಾಡಿದರು.

ಟೇಪಮ್ಮ ಮೆಷಿನ್ನಿಗೆ ಕೂತು, ಬೂದು ಪ್ಯಾಂಟಿನಲ್ಲಿ ತಾವು ಹಿಡಿದ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

“ದೂರ ಹೋಗ್ತೀರಾ?” ಎಂದರು ತಲೆ ಎತ್ತದೆ.

“ಬಹಳ ದೂರ.”

“ಹಾಗಾದ್ರೆ ಡಬಲ್ ಹೊಲಿಗೆ ಹಾಕ್ತೀನಿ.”

ಮೆಷಿನ್ನು ಓಡಿತು, ನಿಂತಿತು. “ಅಳತೆ ಬೇಕು. ಎದ್ದು ನಿಲ್ಲಿ.”

“ಈ ಸಲ ಜೋರಾಗಿ ಓದು. ಸರಿಯಾಗಿ ಓದು.”

ಬೆಡ್‌ಶೀಟಿನ ಮೇಲಿನಿಂದಲೇ ಸುತ್ತಲು ಹೋದರೆ, “ಬಟ್ಟೆ ಮಧ್ಯೆ ಬಂದ್ರೆ ಅಳತೆ ತಪ್ಪುತ್ತೆ,” ಎಂದು ಸಾಹೇಬರೇ ಅಂಗಿಯನ್ನು ಎತ್ತಿ ಹಿಡಿದರು. ಟೇಪಮ್ಮ ಓದಿದರು. ಜೋರಾಗಿ, ಬೀದಿಗೆ ಕೇಳುವ ಹಾಗೆ. ಮದುವೆಯ ದಿನದ ಅಳತೆ.

“ಮತ್ತೆ ಸುಳ್ಳು!”

“ನಿಮ್ಮ ಕಣ್ಣಲ್ಲೇ ನೋಡಿ.”

ಸಾಹೇಬರು ಚೀಲದಿಂದ ಇಲಾಖೆಯ ಹಿತ್ತಾಳೆ ಕಡ್ಡಿ ತೆಗೆದು ಮೊದಲು ಟೇಪನ್ನು ಪರೀಕ್ಷಿಸಿದರು. ಸರಿಯಿತ್ತು. ತಾವೇ ಟೇಪು ಸುತ್ತಿ, ಕನ್ನಡಕ ಹಾಕಿ, ಕುತ್ತಿಗೆ ಬಗ್ಗಿಸಿ ನೋಡಿದರು. ಕೋಪದಲ್ಲೇ ಇರಬೇಕೆಂದು ಬಹಳ ಪ್ರಯತ್ನಪಟ್ಟರು. ಆದರೆ ಎದೆ ತಾನಾಗಿ ಉಬ್ಬಿತು.

“ಹೊಟ್ಟೆ ಒಳಕ್ಕೆ ಎಳ್ಕೊಂಡಿಲ್ಲ, ನೋಡಿದೆ ತಾನೇ?” ಎಂದರು.

“ನೋಡಿದೆ.”

“ಮೇಡಂ, ನೀವು ನೋಡಿದ್ರಾ?”

“ನಾನು ಗೋಡೆ ನೋಡ್ತಿದೀನಿ,” ಎಂದರು ಹೆಡ್‌ಮಿಸ್ ಬೇಸರದಿಂದ.

ಹೊಟ್ಟೆ ಉಪವಾಸ ಬಿದ್ದು ಬಹಳ ದಿನವಾಗಿತ್ತು. ಅದೇ ಮೊದಲು ಬಾಯಿಬಿಟ್ಟಿತು, ಮೂವರಿಗೂ ಕೇಳುವಂತೆ. ಟೇಪಮ್ಮ ಎದ್ದು ತಟ್ಟೆ ಹಾಕಿದರು. ಬಹಳ ದೂರ ಹೋಗಬೇಕಾದವರು ಉಂಡೇ ಹೋಗುತ್ತೇನೆಂದು ಕೂತರು. ಉಂಡಮೇಲೆ, ಬಿಸಿಲಿದೆ ಎಂದರು. ಬಿಸಿಲು ಇಳಿದಮೇಲೆ ಪ್ಯಾಂಟಿಗೆ ಇಸ್ತ್ರಿ ಆಗಿಲ್ಲ ಎಂದರು. ಮರುದಿನ ಟೇಪಮ್ಮ ಸೂಜಿಯನ್ನು ಮನೆಗೆ ಕರೆದು, ಅವಳು ಹೊಲಿದ ಕಾಲರನ್ನು ತಿರುವಿ ತಿರುವಿ ನೋಡಿ, “ಪರವಾಗಿಲ್ಲ,” ಎಂದರು. ಅವರ ಬಾಯಲ್ಲಿ ಅದು ಕ್ಷಮಾಪಣೆಗಿಂತ ದೊಡ್ಡ ಮಾತು.

ಸಾಹೇಬರು ಬೇಕರಿಗಳ ವಲಯದಲ್ಲೇ ಇದ್ದಾರೆ. ಬನ್ನು ಮತ್ತೆ ಶುರುವಾಗಿದೆ, ಈಗ ಎರಡು ತರುತ್ತಾರೆ, ಒಂದನ್ನು ಮನೆಗೆ.

ನಿರಾಶೆಯಿಂದ ಇನ್ನೂ ಚೇತರಿಸಿಕೊಳ್ಳದ ಹೆಡ್‌ಮಿಸ್ ಮೊನ್ನೆ ದಿಂಬಿನ ಚೀಲ ಹೊಲಿಸಲು ಬಂದವರು ಕೇಳಿಯೇಬಿಟ್ಟರು. ಶಾಲೆಯ ಹುಡುಗಿಯರಿಗೆ ಹೇಳಲು ಒಂದು ನೀತಿಯಾದರೂ ಸಿಗಲಿ ಎಂಬ ಆಸೆ ಇರಬೇಕು.

“ಅಷ್ಟು ಸುಳ್ಳು, ಅಷ್ಟು ಅನುಮಾನ, ಅಷ್ಟು ಸೇಡು. ಎಲ್ಲಾ ಆದ್ಮೇಲೂ ನಿಮ್ಮ ಸಂಸಾರ ಗಟ್ಟಿಯಾಗಿ ನಿಂತಿದೆಯಲ್ಲ, ಯಾವುದರ ಮೇಲೆ ಹೇಳಿ ಟೇಪಮ್ಮ? ಪ್ರೀತಿ ಮೇಲಾ, ನಂಬಿಕೆ ಮೇಲಾ?”

ಟೇಪಮ್ಮ ಹಲ್ಲಿನಿಂದ ದಾರ ಕಡಿದರು.

“ಎಲಾಸ್ಟಿಕ್ ಮೇಲೆ ಮೇಡಂ. ಈಗ ಎಲ್ಲಾ ಪ್ಯಾಂಟಿಗೂ ಅದನ್ನೇ ಹಾಕ್ಬಿಟ್ಟಿದೀನಿ.”